ಹಸಿದ ಹೃದಯಕ್ಕೆ ವಿಶ್ರಾಂತಿ



ದೇವರು ಸಬ್ಬತ್ ದಿನವನ್ನು ನೇಮಿಸಿದಾಗ ಮನುಷ್ಯನನ್ನು ಮಾತ್ರವಲ್ಲ, ಅವನ ಎತ್ತನ್ನೂ ನೆನಸಿದನೆಂಬದನ್ನು ನಾವು ಬಲ್ಲೆವು. ಎತ್ತಿಗೆ ವಿಶ್ರಾಂತಿ ಕೊಟ್ಟಾತನು ನಮ್ಮ ಎದೆಯೊಳಗೆ ದುಡಿಯುವ ಹೃದಯವನ್ನು ಮರೆತಾನೋ? ಅದು ನಿಮಿಷಕ್ಕೆ 72 ಸಾರಿ ಬಡಿದರೆ ದಿನಕ್ಕೆ 1,03,680 ಬಡಿತಗಳಾಗುವವು. ಆದರೂ ಎರಡು ಬಡಿತಗಳ ನಡುವೆ ಆತನು ಚಿಕ್ಕ ಬಿಡುವನ್ನಿಟ್ಟಿದ್ದಾನೆ. ಹೃದಯದ ಮಾಂಸವನ್ನು ಪೋಷಿಸುವ ರಕ್ತವು ಹೆಚ್ಚಾಗಿ ಆ ಬಿಡುವಿನಲ್ಲಿಯೇ ಅದಕ್ಕೆ ಸೇರುತ್ತದೆ.

ಆ ರಕ್ತವನ್ನು ತರುವ ನಾಳವು ಕೊಬ್ಬು ಕಟ್ಟಿ ಇಕ್ಕಟ್ಟಾದರೆ ಏನಾಗುವದು? ಮೇವು ಸಾಲದ ಎತ್ತನ್ನು ಕಪಿಲೆಗೆ ಕಟ್ಟಿದಂತಾಗುವದು. ಎದೆ ಹಿಡಿಯುವದು, ಹೃದಯದ ಬಲ ಕುಂದುವದು. ಇಂಥ ಹೊತ್ತಿನಲ್ಲಿ ಭಯವೂ ಕೋಪವೂ ಆಯಾಸವೂ ಶರೀರದಲ್ಲಿ ಅಡ್ರಿನಲಿನ್ ಎಂಬ ರಸವನ್ನು ಹೆಚ್ಚಿಸಿ, ಚಾವಟಿಯಿಂದ ಹೊಡೆದಂತೆ ಹೃದಯವನ್ನು ಓಡಿಸುತ್ತವೆ. ಓಡಿದಷ್ಟು ಹಸಿವು ಹೆಚ್ಚುವದು; ಬಿಡುವು ಕಿರಿದಾಗಿ ಮೇವು ಇನ್ನೂ ಕಡಿಮೆಯಾಗುವದು.

ಸ್ಕಾಟ್ಲೆಂಡ್ ದೇಶದ ಜೇಮ್ಸ್ ಬ್ಲ್ಯಾಕ್ ಎಂಬ ವಿದ್ವಾಂಸರು ಇದನ್ನು ಕುರಿತು ಯೋಚಿಸಿದರು. ಮೇವನ್ನು ಹೆಚ್ಚಿಸಲಾಗದಿದ್ದರೆ ದುಡಿತವನ್ನಾದರೂ ತಗ್ಗಿಸಬಾರದೇ? ಹೀಗೆ ಅವರು ಕಂಡುಹಿಡಿದ ಪ್ರೊಪ್ರಾನೊಲಾಲ್ ಎಂಬ ಔಷಧವು 1960ರ ದಶಕದಲ್ಲಿ ಬಳಕೆಗೆ ಬಂತು. 1988ರಲ್ಲಿ ಅವರು ನೊಬೆಲ್ ಬಹುಮಾನಕ್ಕೆ ಪಾಲುಗಾರರಾದರು. ಈ ಜಾತಿಯ ಔಷಧಗಳಿಗೆ ಬೀಟಾ-ಬ್ಲಾಕರ್ ಎಂದು ಹೆಸರು. ಮೆಟೊಪ್ರೊಲಾಲ್, ಅಟೆನೊಲಾಲ್ ಎಂಬ ಮಾತ್ರೆಗಳೂ ಇವುಗಳಲ್ಲಿ ಸೇರಿವೆ. ಚಾವಟಿಯ ಪೆಟ್ಟು ತಗಲದಂತೆ ಇವು ಅಡ್ಡ ನಿಲ್ಲುತ್ತವೆ. ಬಡಿತವು ನಿಧಾನವಾಗಿ ಬಿಡುವು ಉದ್ದವಾಗುವದು. ಹಿಂಡುವ ರಭಸವೂ ತಗ್ಗುವದು. ನಿಮಿಷಕ್ಕೆ 72ರ ಬದಲು 60 ಆದರೆ ದಿನಕ್ಕೆ 17,280 ಬಡಿತಗಳ ದುಡಿತವು ಉಳಿಯುವದು. ಬಲ ಕುಂದಿದ ಮಾಂಸವೆಲ್ಲಾ ಸತ್ತದ್ದಲ್ಲ. ರಕ್ತವು ಸರಿಯಾಗಿ ಸಿಕ್ಕಿದರೆ ಅದರಲ್ಲಿ ಕೆಲವು ಭಾಗ ಚೇತರಿಸಿಕೊಳ್ಳುವದುಂಟು.

ನಾರ್ವೆ ದೇಶದ ವೈದ್ಯರು ಹೃದಯಾಘಾತದಿಂದ ಉಳಿದ 1,884 ಮಂದಿಯನ್ನು ಹೆಚ್ಚುಕಡಿಮೆ ಸಮವಾದ ಎರಡು ಗುಂಪು ಮಾಡಿ, ಒಂದಕ್ಕೆ ಟಿಮೊಲಾಲ್ ಎಂಬ ಬೀಟಾ-ಬ್ಲಾಕರನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಮಾತ್ರೆಯನ್ನೂ ಕೊಟ್ಟರು. 1981ರಲ್ಲಿ ಅವರು ಪ್ರಕಟಿಸಿದ ಪ್ರಕಾರ ಮೊದಲನೆಯದರಲ್ಲಿ 98 ಮಂದಿಯೂ ಎರಡನೆಯದರಲ್ಲಿ 152 ಮಂದಿಯೂ ತೀರಿಹೋದರು. ಈಗ ನಾಳವನ್ನು ತೆರೆಯುವ ಚಿಕಿತ್ಸೆಗಳು ಬಂದಿರುವದರಿಂದ ಈ ಔಷಧವು ಯಾರಿಗೆ ಎಷ್ಟು ಕಾಲ ಬೇಕೆಂಬದನ್ನು ವೈದ್ಯರೇ ನಿರ್ಣಯಿಸತಕ್ಕದ್ದು.

ನಾವು ಮನೆಗಳನ್ನು ಸಂದರ್ಶಿಸುವಾಗ, "ಅಯ್ಯನವರೇ, ಎದೆನೋವು ನಿಂತಿತು; ದೇವರು ಗುಣಮಾಡಿದನು; ಇನ್ನು ಮಾತ್ರೆ ಯಾಕೆ?" ಎಂಬ ಮಾತನ್ನು ಕೇಳುತ್ತೇವೆ. ಪ್ರಿಯರೇ, ಇದು ವಿಶ್ವಾಸವಲ್ಲ. ಮಾತ್ರೆಯನ್ನು ಥಟ್ಟನೆ ಬಿಟ್ಟರೆ, ತಡೆದಿದ್ದ ಚಾವಟಿಯು ಮೊದಲಿಗಿಂತ ಬಿರುಸಾಗಿ ಬೀಳುವದು. ನೋವು ಮರುಕಳಿಸಿ ಹೃದಯಾಘಾತವೇ ಆದೀತು. ಬಿಡಬೇಕಾದರೆ ವೈದ್ಯರ ಮಾತಿನಂತೆ ಮೆಲ್ಲಮೆಲ್ಲನೆ ಬಿಡಿರಿ. ಕನಿಕರದಿಂದಲಾದರೂ ನಿಮ್ಮ ಮಾತ್ರೆಯನ್ನು ನೆರೆಯವನಿಗೆ ಕೊಡಬೇಡಿರಿ. ಯಾಕಂದರೆ ಉಬ್ಬಸವುಳ್ಳವನಿಗೂ ಬಡಿತವು ಮೊದಲೇ ತೀರ ನಿಧಾನವಾಗಿರುವವನಿಗೂ ಅದು ಕೇಡು ತಂದೀತು.

ರೋಗಿಯ ಮನೆಯವರೇ, ನೀವೂ ಚಾವಟಿಯಾಗಬೇಡಿರಿ. ಸಾಲದ ಮಾತನ್ನೂ ಹೊಲದ ಜಗಳವನ್ನೂ ಅವನ ಹಾಸಿಗೆಯ ಬಳಿಗೆ ತರಬೇಡಿರಿ. ಹಸಿದ ಎತ್ತಿನ ಹೆಗಲಿಂದ ನೊಗವನ್ನು ಇಳಿಸುವವನು ಎತ್ತನ್ನು ತಿರಸ್ಕರಿಸಿದವನಲ್ಲ. ನಾಳಿನ ಉಳುಮೆಗೆ ಅದನ್ನು ಉಳಿಸಿಕೊಂಡವನೇ. ವಿಶ್ರಾಂತಿಯನ್ನು ನೇಮಿಸಿದ ದೇವರು ಅದನ್ನು ಸ್ವೀಕರಿಸುವ ದೀನಮನಸ್ಸನ್ನು ನಮಗೆ ಅನುಗ್ರಹಿಸಲಿ. ಆಮೆನ್.