ಲೆಕ್ಕ ಯಾರದು?

ನಮ್ಮ ಹುಮನಾಬಾದ್ ಕಡೆ ತಾಲೀಮು ಅಂದರೆ ಕುಸ್ತಿಯ ಮಣ್ಣು, ದಂಡ, ಬೈಠಕ್. ಅದೇ ಮಾತು ಉರ್ದುವಿನಲ್ಲಿ ವಿದ್ಯೆ. 1948ರ ತನಕ ನಿಜಾಮನ ರಾಜ್ಯದಲ್ಲಿದ್ದ ನೆಲ ಇದು, ಇಲ್ಲಿ ಸರ್ಕಾರದ ಭಾಷೆ ಉರ್ದು. ಹಾಗಾಗಿ ಶಾಲೆಯೂ ತಾಲೀಮು, ಗರಡಿಯೂ ತಾಲೀಮು. ಒಂದೇ ಮಾತಿಗೆ ಎರಡು ಬಾಗಿಲು. ನಮ್ಮ ಅಜ್ಜಂದಿರಿಗೆ ಎರಡೂ ಬಾಗಿಲು ಮುಚ್ಚಿದ್ದವು. ಶಾಲೆಯ ಕಟ್ಟೆ ಹತ್ತಿದರೆ ಅಕ್ಷರಕ್ಕೆ ಮೈಲಿಗೆ. ಗರಡಿಯ ಮಣ್ಣು ಮುಟ್ಟಿದರೆ ಹನುಮಂತದೇವರಿಗೆ ಮೈಲಿಗೆ.

ನಾವು ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಕಂಡವರು. ನಮಗೆ ಬಾಗಿಲು ತೆರೆದವು, ಸುಳ್ಳು ಹೇಳುವುದಿಲ್ಲ. ಆದರೆ ಒಳಗೆ ಹೋದ ಮೇಲೆ ಏನು ಸಿಕ್ಕಿತು?

ಬರವಣಿಗೆ ಶಿಕ್ಷೆಯಾಗಿ ಸಿಕ್ಕಿತು. ಒಂದು ಕಾಗುಣಿತ ತಪ್ಪಿದರೆ ನೂರು ಸಲ ಬರಿ. ವ್ಯಾಯಾಮವೂ ಶಿಕ್ಷೆಯಾಗಿಯೇ ಸಿಕ್ಕಿತು. ಮಗ್ಗಿ ಮರೆತರೆ ಐವತ್ತು ಬಸ್ಕಿ ಹೊಡಿ, ತಡವಾಗಿ ಬಂದರೆ ಬಯಲು ಸುತ್ತು. ಪ್ರಬಂಧದ ವಹಿಯಲ್ಲಿ 'ಅವ್ವ ಹೊಲದಿಂದ ಬರ್ಲತ್ತಾಳ' ಎಂದು ಬರೆದೆವು. ಮಾಸ್ತರರು ಕೆಂಪು ಶಾಯಿಯಿಂದ ಗೀಟು ಎಳೆದು 'ತಾಯಿಯು ಬರುತ್ತಿದ್ದಾಳೆ' ಎಂದು ತಿದ್ದಿದರು. ಆ ತಾಯಿ ಯಾರೋ ನಮಗೆ ಗೊತ್ತಿರಲಿಲ್ಲ. ನಮ್ಮ ಅವ್ವ ಮಾತ್ರ ಗೀಟಿನ ಕೆಳಗೆ ಸತ್ತುಬಿದ್ದಿದ್ದಳು. ಆಟದ ಪೀರಿಯಡ್ಡು ಬಂದರೆ, 'ನಿಮ್ಮವರ ಮೈಯಾಗ ಕಸುವು ಐತಿ, ಬೆಂಚು ಹೊರ್ರಿ, ನೀರು ತರ್ರಿ' ಎನ್ನುತ್ತಿದ್ದರು. ಬುದ್ಧಿ ಅವರದು, ಕಸುವು ನಮ್ಮದು ಎಂಬ ಹಂಚಿಕೆಯನ್ನು ಮನುವಿನ ಪುಸ್ತಕ ಓದದೆಯೇ ನಾವು ಮೂರನೆಯ ಇಯತ್ತೆಯಲ್ಲಿ ಕಲಿತೆವು.

ಕಾಲೇಜಿಗೆ ಹೋದ ಹೊಸತರಲ್ಲಿ ನಾವು ಬೆಳಗ್ಗೆ ಎದ್ದು ಬೈಠಕ್ ಹೊಡೆಯುತ್ತಿದ್ದರೆ ಅವ್ವ ಕೇಳಿದ್ದಳು: 'ನಾ ದಿನಾ ಹೊಲದಾಗ ಸಾವಿರ ಸಲ ಬಗ್ಗಿ ಏಳ್ತೀನಿ. ಅದೇನು ವ್ಯಾಯಾಮ ಅಲ್ಲೇನ್ರೋ? ಹಂಗಾದ್ರ ನನ್ನ ಮೈ ಯಾಕ ಹಿಂಗ ಸವದದ?'

ಗೆಳೆಯರೇ, ಶಿಕ್ಷಣದ ಬಗ್ಗೆ ನಾವು ಕೇಳಿದ ಅತ್ಯಂತ ದೊಡ್ಡ ಪ್ರಶ್ನೆ ಇದು. ಉತ್ತರ ಹುಡುಕಲು ನಮಗೆ ವರ್ಷಗಳೇ ಹಿಡಿದವು.

ಬಗ್ಗುವುದು ಒಂದೇ, ಏಳುವುದು ಒಂದೇ. ವ್ಯತ್ಯಾಸ ಲೆಕ್ಕದಲ್ಲಿದೆ. ಹೊಲದಲ್ಲಿ ಅವ್ವ ಬಗ್ಗಿದ್ದನ್ನು ಗೌಡ ಎಣಿಸುತ್ತಾನೆ. ಬಸ್ಕಿಯನ್ನು ಮಾಸ್ತರ ಎಣಿಸುತ್ತಾನೆ. ನೂರು ಸಲ ಬರೆದದ್ದನ್ನೂ ಅವನೇ ಎಣಿಸುತ್ತಾನೆ. ಸಾಕು ಎಂದು ಹೇಳುವ ಹಕ್ಕು ಮಾಡುವವರಿಗೆ ಇಲ್ಲ. ಎಲ್ಲಿ ಲೆಕ್ಕ ಇನ್ನೊಬ್ಬನದೋ ಅಲ್ಲಿ ಅದು ಚಾಕರಿ ಅಥವಾ ಶಿಕ್ಷೆ. ಎಲ್ಲಿ ಲೆಕ್ಕ ನಮ್ಮದೋ ಅಲ್ಲಿ ಮಾತ್ರ ಅದು ಅಭ್ಯಾಸ. ಶಿಕ್ಷಣ, ಶಿಕ್ಷೆ ಎರಡೂ ಒಂದೇ ಬೇರಿನ ಮಾತುಗಳು. ನಮ್ಮ ಶಾಲೆಗಳಿಗೆ ಆ ಬೇರು ಬಹಳ ರುಚಿಸಿದಂತಿದೆ.

ಇನ್ನೊಂದು ಮಾತು. ಬರವಣಿಗೆ ಮೊದಲು ಬುದ್ಧಿಯ ಕೆಲಸವಲ್ಲ, ಮೈಯ ಕೆಲಸ. ಮಗುವಿನ ಕೈಯನ್ನು ಮಾಸ್ತರ ತನ್ನ ಕೈಯಲ್ಲಿ ಹಿಡಿದು ಪಾಟಿಯ ಮೇಲೆ 'ಅ' ತಿದ್ದಿಸಬೇಕು. ಹಿಡಿಯದೆ ತಿದ್ದಿಸುವುದು ಹೇಗೆ? ಮುಟ್ಟದವನು ಕಲಿಸುವುದು ಹೇಗೆ? ನಮ್ಮವರಿಗೆ ಅಕ್ಷರ ತಪ್ಪಿದ್ದು ತಲೆಯಲ್ಲಿ ಮಿದುಳಿಲ್ಲದೆ ಅಲ್ಲ, ಕೈ ಹಿಡಿಯುವವರಿಲ್ಲದೆ.

1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿರೆಂದು ಒಬ್ಬ ಮಹಾರ್ ಹುಡುಗನ ಅರ್ಜಿ ಮುಂಬಯಿ ಸರ್ಕಾರದ ಮುಂದೆ ಹೋಯಿತು. ಸರ್ಕಾರ ಸೇರಿಸಿಕೊಳ್ಳಲಿಲ್ಲ. ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟಾರು ಎಂಬ ಅಂಜಿಕೆ. ಆ ಹುಡುಗ ಮುಂದೇನಾದ ಎಂಬುದನ್ನು ಯಾವ ಪಠ್ಯಪುಸ್ತಕವೂ ನಮಗೆ ಹೇಳಲಿಲ್ಲ. ಅವನೂ ಕರ್ನಾಟಕದ ಚರಿತ್ರೆಯೇ.

ಬಾಬಾಸಾಹೇಬರು ಸಾತಾರಾದ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತವರು. ಆ ತಟ್ಟನ್ನು ದಿನಾ ಮನೆಗೆ ಒಯ್ಯಬೇಕು, ಮರುದಿನ ತರಬೇಕು. ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಇಲ್ಲದಿದ್ದರೆ ಬಾಯಾರಿಕೆ. ಮುಂದೆ ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಲೆಕ್ಕ ಬಿಡಿಸಲು ಅವರನ್ನು ಬೋರ್ಡಿಗೆ ಕರೆದಾಗ, ಬೋರ್ಡಿನ ಹಿಂದೆ ಇಟ್ಟಿದ್ದ ಬುತ್ತಿಡಬ್ಬಿಗಳನ್ನು ಎತ್ತಿಕೊಳ್ಳಲು ಹುಡುಗರು ಓಡಿದರೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಬೆಂಚಿನಿಂದ ಬೋರ್ಡಿಗೆ ನಾಲ್ಕಾರು ಹೆಜ್ಜೆ. ಆ ಹೆಜ್ಜೆ ನಡೆಯಲು ಬೇಕಾದ ಕಾಲಿನ ಕಸುವು ಯಾವ ಡ್ರಿಲ್ಲಿನಿಂದ ಬರುತ್ತದೆ? ಹಾಗೆ ನಡೆದ ಮೇಲೂ ನಡುಗದೆ ಸುಣ್ಣದ ಕಡ್ಡಿ ಹಿಡಿಯುವ ಕೈ ಯಾವ ಕಾಪಿಬರಹದಿಂದ ಬರುತ್ತದೆ? ಅಲ್ಲಿ ಮೈಯ ವ್ಯಾಯಾಮ ಬೇರೆ, ಬರಹದ ವ್ಯಾಯಾಮ ಬೇರೆ ಎಂದು ಬಿಡಿಸಲು ಬರುವುದಿಲ್ಲ.

ಅವರ ಮನೆಗೆ ಅಕ್ಷರ ಬಂದದ್ದೂ ಕವಾಯತಿನ ಬಯಲಿನಿಂದಲೇ. ಕಂಪನಿಯ ಸೈನ್ಯದಲ್ಲಿ ಸಿಪಾಯಿಗಳಿಗೂ ಅವರ ಮಕ್ಕಳಿಗೂ ಶಾಲೆ ಕಡ್ಡಾಯವಾಗಿತ್ತೆಂದು ಅವರೇ ಬರೆದಿದ್ದಾರೆ. ತಂದೆ ರಾಮಜಿ ಸುಬೇದಾರರು ಸೈನ್ಯದ ಶಾಲೆಯಲ್ಲಿ ಹೆಡ್ಮಾಸ್ತರರಾಗಿದ್ದವರು. ಅಲ್ಲಿ ಎಡ-ಬಲ ಎಂದು ಎಣಿಸುವವನು ಸರ್ಕಾರದ ಮನುಷ್ಯ, ನಿಜ. ಆದರೆ ನೆಟ್ಟಗಾದ ಬೆನ್ನು ನಮ್ಮದಾಯಿತು. 1890ರ ದಶಕದಲ್ಲಿ ಬ್ರಿಟಿಷರು ಮಹಾರರ ಭರ್ತಿ ನಿಲ್ಲಿಸಿದಾಗ ಕವಾಯತೂ ಹೋಯಿತು, ಅದರ ಜೊತೆಗಿದ್ದ ಶಾಲೆಯೂ ಹೋಯಿತು.

ನಮ್ಮ ಪಕ್ಕದಲ್ಲೇ ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಡೋಹರ ಕಕ್ಕಯ್ಯ ಚರ್ಮ ಹದ ಮಾಡಿದ, ನುಲಿಯ ಚಂದಯ್ಯ ಹಗ್ಗ ಹೊಸೆದ, ಆಯ್ದಕ್ಕಿ ಲಕ್ಕಮ್ಮನ ಮನೆಯಲ್ಲಿ ಅಕ್ಕಿ ಆಯುವ ಕಾಯಕ. ಇವರೆಲ್ಲ ವಚನ ಕಟ್ಟಿದರು. ಕಾಯಕದಲ್ಲಿ ಕಾಯ ಇದೆ, ಮೈ ಇದೆ. ದುಡಿಯುವ ಮೈಗೆ ಮಾತೂ ಬೇಕೆಂದು ಕಲ್ಯಾಣ ಅಂದೇ ತೋರಿಸಿತು. ಅದಕ್ಕೆ ಬೆಲೆ ತೆತ್ತವರು ಯಾರೆಂದು ನಮ್ಮ ಕೇರಿಯ ಮಕ್ಕಳಿಗೂ ಗೊತ್ತು. ಸಮಗಾರ ಹರಳಯ್ಯನ ಕತೆಯಲ್ಲಿ ತೊಡೆಯ ಚರ್ಮವೂ ಅವನದೇ, ಕೊನೆಗೆ ಪ್ರಾಣವೂ ಅವನದೇ. ಇಂದು ಅವನ ಹೆಸರಿನಲ್ಲಿ ಭಾಷಣ ಮಾಡುವವರ ಮೈಮೇಲೆ ಒಂದು ಗೀರೂ ಇಲ್ಲ.

'ಹಾಗಾದರೆ ಶಾಲೆಯಲ್ಲಿ ಕೈಕಸುಬು ಕಲಿಸೋಣ' ಎನ್ನುವ ಸಜ್ಜನರಿದ್ದಾರೆ. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಇಟ್ಟ ಯೋಜನೆಗೆ ಬಂದ ಹೆಸರೂ ನಯೀ ತಾಲೀಮ್. ಕೈಯಿಂದ ಕಲಿಯಬೇಕು ಎಂಬ ಮಾತು ತಪ್ಪಲ್ಲ. ಆದರೆ ಯಾರ ಮಕ್ಕಳಿಗೆ ಮೊದಲು? ಸಮಗಾರನ ಮಗನಿಗೆ ಶಾಲೆಯಲ್ಲೂ ಅಟ್ಟಿ, ಪುರೋಹಿತನ ಮಗನಿಗೆ ಪುಸ್ತಕ ಎಂದಾದರೆ ಅದು ಹಳೆಯ ತಾಲೀಮೇ. ಗೌಡರ ಮಗ ಕಸ ಹೊಡೆಯಲಿ, ಕೇರಿಯ ಮಗಳು ಬೋರ್ಡಿನ ಮೇಲೆ ಬರೆಯಲಿ. ಆಗ ಹೊಸದು ಎನ್ನೋಣ.

ಇದು ಹಳೆಯ ಕತೆ ಎಂದು ಯಾರೂ ಮೂಗು ಮುರಿಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೂ 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂತು. ಅದು ಯಾವ ವ್ಯಾಯಾಮ? ಪುಸ್ತಕ ಹಿಡಿಯಲು ಹೋದ ಕೈಗೆ ಶಾಲೆಯೇ ಬಕೆಟ್ಟು ಕೊಟ್ಟರೆ ಕಾಯ್ದೆಯ ಕಾಗದ ಏನು ಮಾಡೀತು?

ಕೆಲವು ಸಂಗಾತಿಗಳು, ಡ್ರಿಲ್ಲು ಕುರಿಗಳನ್ನು ತಯಾರಿಸುತ್ತದೆ, ನಮಗೆ ಬೇಡ ಎನ್ನುತ್ತಾರೆ. ಬೇರೊಬ್ಬನ ಸೀಟಿಗೆ ತಿರುಗುವ ಡ್ರಿಲ್ಲು ನಮಗೂ ಬೇಡ. ಆದರೆ ಮೈಯನ್ನು ಅವರಿಗೆ ಬಿಟ್ಟುಕೊಟ್ಟು ಬರಿಯ ಕವಿತೆ ಹಿಡಿದು ಕೂತರೆ ನಾವೂ ಒಂದು ಬಗೆಯ ಪುರೋಹಿತರಾಗುತ್ತೇವೆ. ನಮ್ಮಲ್ಲೇ ಕೆಲವರು ಡಿಗ್ರಿ ಬಂದ ಮೇಲೆ ಕೊಡಪಾನ ಎತ್ತಲು ನಾಚುತ್ತೇವೆ. ಈ ನಾಚಿಕೆಯನ್ನು ಯಾರೂ ನಮ್ಮ ಮೇಲೆ ಹೇರಲಿಲ್ಲ, ನಾವೇ ಕೊಂಡುತಂದೆವು.

ಹಳ್ಳಿಯ ಮಾಸ್ತರುಗಳಿಗೆ, ಅಕ್ಕೋರಿಗೆ ನಮ್ಮದೊಂದು ಮಾತು. ಎರಡನ್ನೂ ಶಿಕ್ಷೆಯಾಗಿ ಕೊಡಬೇಡಿ. ತಪ್ಪಿಗೆ ಬರಹವೂ ಬೇಡ, ಬಸ್ಕಿಯೂ ಬೇಡ. ದಿನಕ್ಕೆ ನಾಲ್ಕು ಸಾಲು ಮಕ್ಕಳು ತಮ್ಮ ಮನೆಯ ಮಾತಿನಲ್ಲೇ ಬರೆಯಲಿ: ಇವತ್ತು ಈ ಕೈ ಏನು ಮಾಡಿತು, ಯಾರಿಗಾಗಿ ಮಾಡಿತು. ಗ್ರಂಥಭಾಷೆ ಆಮೇಲೆ ಕಲಿಸಿ, ಅದೂ ಬೇಕು, ಅರ್ಜಿ ಬರೆಯಲು ಬೇಕು, ಕೋರ್ಟಿಗೆ ಬೇಕು. ಆದರೆ 'ಬರ್ಲತ್ತಾಳ' ಎಂಬುದರ ಮೇಲೆ ಗೀಟು ಹಾಕದೆ ಪಕ್ಕದಲ್ಲಿ ಇನ್ನೊಂದು ಬರೆಯಿರಿ. ಆಮೇಲೆ ಎಲ್ಲರನ್ನೂ ಬಯಲಿಗೆ ಕರೆದು ಕಬಡ್ಡಿ ಆಡಿಸಿ. ಹುಡುಗಿಯರನ್ನು ಗೋಡೆಗೆ ನಿಲ್ಲಿಸಬೇಡಿ, ಅವರ ಮೈಯನ್ನಂತೂ ಊರೂ ಎಣಿಸುತ್ತದೆ, ಮನೆಯೂ ಎಣಿಸುತ್ತದೆ. ಮುಟ್ಟದೆ ಕಬಡ್ಡಿ ಆಡಲು ಬರುವುದಿಲ್ಲ. ಊರು ಸಾವಿರ ವರ್ಷ ಬೇಡ ಎಂದದ್ದನ್ನು ಈ ಆಟ ಒಂದು ಉಸಿರಿನಲ್ಲಿ ಬೇಕು ಎನ್ನುತ್ತದೆ. ಆ ಉಸಿರನ್ನು ಹಿಡಿಯುವವನು ಆಡುವವನೇ.

ಅವ್ವನ ಪ್ರಶ್ನೆಗೆ ನಾವು ಈಗ ಉತ್ತರ ಹೇಳಬಲ್ಲೆವು. ಆದರೆ ಉತ್ತರದಿಂದ ಅವಳ ಬೆನ್ನುನೋವು ಹೋಗುವುದಿಲ್ಲ. ಮೊನ್ನೆ ಅವಳ ಕೈ ಹಿಡಿದು ಪಾಟಿಯ ಮೇಲೆ ಅವಳ ಹೆಸರು ತಿದ್ದಿಸಿದೆವು. ಆರು ಸಲ ಬರೆದಳು. ಏಳನೆಯದಕ್ಕೆ ಬಳಪ ಕೆಳಗಿಟ್ಟು, 'ಇವತ್ತಿಗಿಷ್ಟು ಸಾಕು' ಎಂದಳು.

ಹೊಲದಲ್ಲಿ ಆ ಮಾತು ಅವಳು ಯಾವತ್ತೂ ಹೇಳಿದವಳಲ್ಲ.