ಪ್ರಾರ್ಥನೆಯು ಸಭೆಯ ಸೇವೆಯೋ, ಸೇವೆಗೆ ಬದಲೋ?

ಸಭೆಗೆ ಸಮಯವೂ ಹಣವೂ ಜನಬಲವೂ ಸ್ವಲ್ಪವೇ ಇರುವಾಗ ಅದು ಮೊದಲು ಯಾವ ಕೆಲಸಕ್ಕೆ ಕೈಹಾಕಬೇಕೆಂಬ ಪ್ರಶ್ನೆಯು ನಮ್ಮ ಹಳ್ಳಿಯ ಸಭೆಗಳಲ್ಲಿ ಆಗಾಗ ಏಳುವದುಂಟು. ಕೆಲವರು, ಬಡವರಿಗೆ ಅನ್ನ, ಮಕ್ಕಳಿಗೆ ವಿದ್ಯೆ, ರೋಗಿಗಳಿಗೆ ಔಷಧ, ಇವೇ ಸಭೆಯ ನಿಜವಾದ ಸೇವೆ. ಆರಾಧನೆಯಾದರೋ ಆ ಸೇವೆಗೆ ಮೊದಲು ತೆಗೆದುಕೊಳ್ಳುವ ವಿಶ್ರಾಂತಿ ಅನ್ನುವರು. ಬೇರೆ ಕೆಲವರು, ಪ್ರಾರ್ಥನೆಯೊಂದೇ ಸಾಕು, ಮಿಕ್ಕದ್ದೆಲ್ಲಾ ಲೋಕದ ಕೆಲಸ ಅನ್ನುವರು. ಈ ಎರಡು ಮಾತುಗಳಲ್ಲಿ ಯಾವದನ್ನು ಒಪ್ಪಿಕೊಂಡರೂ ಸಭೆಯು ನಷ್ಟಪಡುವದೆಂದು ನಮಗೆ ತೋರುತ್ತದೆ. ಆದಕಾರಣ ಈ ವಿಷಯವನ್ನು ಪ್ರಿಯ ವಾಚಕರೊಂದಿಗೆ ಸ್ವಲ್ಪ ವಿಚಾರಿಸೋಣ.

ಮೊದಲು ಮಾತನ್ನೇ ನೋಡೋಣ. ನಮ್ಮ ಕನ್ನಡದಲ್ಲಿ ಸೇವೆ ಎಂಬ ಮಾತು ಒಡೆಯನಿಗೆ ಆಳು ಮಾಡುವ ಕೆಲಸಕ್ಕೂ ದೇವರಿಗೆ ಭಕ್ತನು ಸಲ್ಲಿಸುವ ಆರಾಧನೆಗೂ ಸಲ್ಲುವದು. ಇದು ನಮ್ಮ ಭಾಷೆಯೊಂದರ ಗುಣವಲ್ಲ. ಇಬ್ರಿಯ ಭಾಷೆಯಲ್ಲಿ ಅವೋದಾ ಎಂಬ ಒಂದೇ ಮಾತು ಹೊಲದ ದುಡಿಮೆಗೂ ದೇವಾಲಯದ ಆರಾಧನೆಗೂ ಹೆಸರಾಗಿದೆ. ಗ್ರೀಕ್ ಭಾಷೆಯಲ್ಲಿ ಲೇತೂರ್ಗಿಯ ಎಂಬ ಮಾತಿದೆ. ಪಟ್ಟಣದ ಧನವಂತನು ತನ್ನ ಸ್ವಂತ ಖರ್ಚಿನಿಂದ ಯುದ್ಧದ ಹಡಗನ್ನು ಸಜ್ಜುಮಾಡಿ ಕೊಡುವಂಥ ಸಾರ್ವಜನಿಕ ಕಾರ್ಯಕ್ಕೆ ಗ್ರೀಕರು ಆ ಹೆಸರನ್ನು ಕೊಡುತ್ತಿದ್ದರು. ಲೂಕನು ಅದೇ ಮಾತನ್ನು ಯಾಜಕನಾದ ಜಕರೀಯನು ದೇವಾಲಯದಲ್ಲಿ ನಡಿಸಿದ ಧೂಪದ ಸೇವೆಗೆ ಉಪಯೋಗಿಸಿದನು. ಪೌಲನು ಅದನ್ನೇ ಯೆರೂಸಲೇಮಿನ ಬಡವರಿಗೋಸ್ಕರ ಕೂಡಿಸಿದ ಹಣದ ವಿಷಯದಲ್ಲಿ ಉಪಯೋಗಿಸಿದನು. ಧೂಪವನ್ನು ಎತ್ತಿದ ಕೈಗೂ ದುಡ್ಡನ್ನು ಎಣಿಸಿದ ಕೈಗೂ ಶಾಸ್ತ್ರವು ಒಂದೇ ಹೆಸರನ್ನು ಕೊಟ್ಟಿರಲಾಗಿ ಅವೆರಡನ್ನು ಒಂದಕ್ಕೊಂದು ಶತ್ರುಗಳಂತೆ ನಿಲ್ಲಿಸುವದಕ್ಕೆ ನಾವು ಯಾರು?

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಈ ಪ್ರಶ್ನೆಯೇ ಮೊದಲನೆಯ ಸಭೆಯಲ್ಲಿ ಎದ್ದದ್ದನ್ನು ಕಾಣುತ್ತೇವೆ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದಿನದ ಹಂಚಿಕೆಯಲ್ಲಿ ಅನ್ಯಾಯವಾಯಿತೆಂದು ಗುಣುಗುಟ್ಟುವಿಕೆ ಹುಟ್ಟಿತು. ಆಗ ಅಪೊಸ್ತಲರು, ವಿಧವೆಯರು ಹಸಿದಿರಲಿ, ನಾವು ಪ್ರಾರ್ಥಿಸುತ್ತೇವೆ ಅನ್ನಲಿಲ್ಲ. ಪ್ರಾರ್ಥನೆಯು ಇರಲಿ, ನಾವೇ ಬಡಿಸುತ್ತೇವೆ ಎಂದೂ ಅನ್ನಲಿಲ್ಲ. ಒಳ್ಳೇ ಹೆಸರುಳ್ಳ ಏಳು ಮಂದಿಯನ್ನು ಆರಿಸಿ ಹಂಚುವ ಕೆಲಸಕ್ಕೆ ನೇಮಿಸಿ, ತಾವು ಪ್ರಾರ್ಥನೆಯಲ್ಲಿಯೂ ವಾಕ್ಯದ ಸೇವೆಯಲ್ಲಿಯೂ ನಿರತರಾಗಿರುವದಾಗಿ ಹೇಳಿದರು. ಇಲ್ಲಿ ಅನ್ನದ ಹಂಚಿಕೆಗೂ ವಾಕ್ಯದ ಸೇವೆಗೂ ಮೂಲದಲ್ಲಿ ದಿಯಕೊನಿಯ ಎಂಬ ಒಂದೇ ಮಾತಿದೆ. ಇದಲ್ಲದೆ ಆ ಏಳು ಮಂದಿಯ ಮೇಲೆ ಕೈಯಿಟ್ಟದ್ದು ಪ್ರಾರ್ಥನೆಯೊಂದಿಗೆ. ಪಂಕ್ತಿಯಲ್ಲಿ ಬಡಿಸುವದಕ್ಕೆಂದು ನೇಮಕವಾದವರಲ್ಲಿ ಒಬ್ಬನಾದ ಸ್ತೆಫನನು ಕಡೆಗೆ ತನ್ನನ್ನು ಕಲ್ಲೆಸೆಯುತ್ತಿದ್ದವರಿಗೋಸ್ಕರ ಪ್ರಾರ್ಥಿಸುತ್ತಾ ಸತ್ತನು. ಕೆಲಸವನ್ನು ಹಂಚಿಕೊಂಡರೇ ಹೊರತು ಅವರು ಹೃದಯವನ್ನು ಹಂಚಿಕೊಳ್ಳಲಿಲ್ಲವೆಂಬದು ಇದರಿಂದ ತಿಳಿಯುತ್ತದೆ.

ಅನಂತರದ ಕಾಲದಲ್ಲಿ ಹೇಗಿತ್ತೆಂದರೆ, ಸುಮಾರು 112ನೆಯ ಇಸವಿಯಲ್ಲಿ ಬಿಥೂನ್ಯ ಸೀಮೆಯ ಅಧಿಪತಿಯಾದ ಪ್ಲಿನಿ ಎಂಬವನು ಚಕ್ರವರ್ತಿಯಾದ ತ್ರಾಯಾನನಿಗೆ ಒಂದು ಪತ್ರವನ್ನು ಬರೆದನು. ಅವನು ಕ್ರೈಸ್ತರ ಮಿತ್ರನಲ್ಲ, ಅವರನ್ನು ವಿಚಾರಿಸಿ ದಂಡಿಸಿದವನು. ಆದರೂ ಅವನು ಕೇಳಿ ತಿಳಿದು ಬರೆದದ್ದೇನಂದರೆ, ಈ ಜನರು ನೇಮಕವಾದ ದಿನದಲ್ಲಿ ಬೆಳಗಾಗುವ ಮೊದಲೇ ಕೂಡಿ, ಕ್ರಿಸ್ತನನ್ನು ದೇವರೆಂದು ಒಬ್ಬರಿಗೊಬ್ಬರು ಪ್ರತಿಯಾಗಿ ಹಾಡಿ, ಕಳ್ಳತನ ಮಾಡುವದಿಲ್ಲ, ವ್ಯಭಿಚಾರ ಮಾಡುವದಿಲ್ಲ, ಮಾತಿಗೆ ತಪ್ಪುವದಿಲ್ಲ, ನಂಬಿ ಇಟ್ಟ ಒಡವೆಯನ್ನು ಇಲ್ಲವೆನ್ನುವದಿಲ್ಲವೆಂದು ಪ್ರತಿಜ್ಞೆಯಿಂದ ತಮ್ಮನ್ನು ಕಟ್ಟಿಕೊಳ್ಳುತ್ತಿದ್ದರು ಎಂಬದೇ. ಅವರಲ್ಲಿ ಅನೇಕರು ಹೊತ್ತು ಮೂಡಿದ ಮೇಲೆ ಕೆಲಸಕ್ಕೆ ಹೋಗಬೇಕಾದ ಬಡವರೂ ದಾಸರೂ ಆಗಿದ್ದರು. ದಣಿದ ದೇಹದಿಂದ ಕತ್ತಲೆಯಲ್ಲಿ ಎದ್ದು ಬಂದ ಅವರ ಆರಾಧನೆಯನ್ನು ವಿಶ್ರಾಂತಿಯೆಂದು ಯಾರಾದರೂ ಅನ್ನಬಹುದೋ?

ಸುಮಾರು 155ನೆಯ ಇಸವಿಯಲ್ಲಿ ಯುಸ್ತಿನನೆಂಬ ರಕ್ತಸಾಕ್ಷಿಯು ರೋಮಾಪುರದಿಂದ ಬರೆದ ವಾದದಲ್ಲಿ ಆದಿತ್ಯವಾರದ ಆರಾಧನೆಯ ಕ್ರಮವನ್ನು ವಿವರಿಸಿದ್ದಾನೆ. ಅಪೊಸ್ತಲರ ಮತ್ತು ಪ್ರವಾದಿಗಳ ಬರಹಗಳನ್ನು ಓದುವರು. ಸಭೆಯ ನಾಯಕನು ಬುದ್ಧಿಹೇಳುವನು. ಎಲ್ಲರೂ ಎದ್ದು ಪ್ರಾರ್ಥಿಸುವರು. ರೊಟ್ಟಿಯನ್ನೂ ಪಾತ್ರೆಯನ್ನೂ ಹಂಚಿ, ಬಾರದವರ ಭಾಗವನ್ನು ಅವರ ಮನೆಗೆ ಕಳುಹಿಸುವರು. ಬಳಿಕ ಶಕ್ತರು ತಮಗೆ ಮನಸ್ಸು ಬಂದಷ್ಟು ಕಾಣಿಕೆಯನ್ನು ನಾಯಕನ ಬಳಿಯಲ್ಲಿ ಇಡುವರು. ಅವನು ಅದರಿಂದ ತಬ್ಬಲಿಗಳನ್ನೂ ವಿಧವೆಯರನ್ನೂ ರೋಗಿಗಳನ್ನೂ ಸೆರೆಯಲ್ಲಿರುವವರನ್ನೂ ಪರದೇಶಿಗಳನ್ನೂ ಪರಾಂಬರಿಸುವನು. ಬಡವರ ಪರಾಮರಿಕೆಯು ಇಲ್ಲಿ ಆರಾಧನೆಯ ಒಳಗೇ ಇದೆ. ನಮ್ಮ ಹಳ್ಳಿಯ ತಾಯಂದಿರು ಅಡಿಗೆಯ ಹೊತ್ತಿನಲ್ಲಿ ಒಂದು ಹಿಡಿ ಅಕ್ಕಿಯನ್ನು ತೆಗೆದಿಟ್ಟು ಅದನ್ನು ದೇವಾಲಯಕ್ಕೆ ತರುವಾಗ ಈ ಪುರಾತನ ಕ್ರಮವನ್ನೇ ಅನುಸರಿಸುತ್ತಾರೆ.

ಇಲ್ಲಿ ಒಂದು ಕಠಿಣವಾದ ಆಕ್ಷೇಪಣೆಯುಂಟು. ಅದನ್ನು ಮರೆಮಾಡುವದು ನ್ಯಾಯವಲ್ಲ. ದೇವರು ನಾವು ಕೇಳುವ ಮೊದಲೇ ನಮ್ಮ ಕೊರತೆಯನ್ನು ಬಲ್ಲನೆಂದು ಕರ್ತನೇ ಹೇಳಿದ್ದಾನೆ. ಹಾಗಾದರೆ ಕೇಳುವದರಿಂದ ಏನು? ಕೇಳಿದಾಗಲೂ ಬಹಳ ಸಾರಿ ಸಿಕ್ಕುವದಿಲ್ಲವಲ್ಲಾ? 1918ರ ಇನ್‌ಫ್ಲುಯೆಂಜಾ ರೋಗದಲ್ಲಿ ಹಿಂದೂದೇಶದಲ್ಲಿ ಒಂದು ಕೋಟಿಗಿಂತ ಹೆಚ್ಚು ಜನರು ಸತ್ತರು. ಪ್ರಾರ್ಥಿಸಿದ ಮನೆಗಳಲ್ಲಿಯೂ ಪ್ರಾರ್ಥಿಸದ ಮನೆಗಳಲ್ಲಿಯೂ ಸಾವು ಬಂತು. ಇದಕ್ಕೆ ಸುಲಭವಾದ ಉತ್ತರವನ್ನು ಕೊಡುವವನು ದುಃಖಪಡುವವರಿಗೆ ಅಪಕಾರ ಮಾಡುವನು. ನಾವು ಹೇಳಬಲ್ಲದ್ದು ಇಷ್ಟೇ. ಕರ್ತನು ಗೆತ್ಸೇಮನೆಯಲ್ಲಿ ಬೇಡಿಕೊಂಡ ಪಾತ್ರೆಯು ಆತನಿಂದ ತೊಲಗಲಿಲ್ಲ. ಪೌಲನು ಮೂರು ಸಾರಿ ಬೇಡಿಕೊಂಡರೂ ಮುಳ್ಳು ಅವನನ್ನು ಬಿಡಲಿಲ್ಲ. ಆದದರಿಂದ ಬೇಡಿದ್ದು ಸಿಕ್ಕದೆ ಇರುವದು ನಂಬಿಕೆಯ ಕೊರತೆಗೆ ಗುರುತೆಂದು ಯಾರೂ ತನ್ನ ನೆರೆಯವನನ್ನು ತೀರ್ಪುಮಾಡಬಾರದು. ತಂದೆಯು ಬಲ್ಲನೆಂದು ಹೇಳಿದ ಅದೇ ಬಾಯಿ ಕೂಡಲೇ ಶಿಷ್ಯರಿಗೆ ಪ್ರಾರ್ಥನೆಯನ್ನು ಕಲಿಸಿತು. ದೇವರಿಗೆ ಸುದ್ದಿ ಮುಟ್ಟಿಸುವದು ಪ್ರಾರ್ಥನೆಯ ಉದ್ದೇಶವಾಗಿದ್ದರೆ ಅದು ವ್ಯರ್ಥವೇ. ಮಕ್ಕಳಾದ ನಾವು ನಮ್ಮ ಸಹೋದರನ ಭಾರವನ್ನು ತಂದೆಯ ಮುಂದೆ ಹೊತ್ತು ನಿಲ್ಲುವದೇ ಅದರ ಉದ್ದೇಶವಾಗಿದ್ದರೆ ಅದು ವ್ಯರ್ಥವಲ್ಲ. ಎಪಫ್ರನು ಕೊಲೊಸ್ಸೆಯವರಿಗೋಸ್ಕರ ಪ್ರಾರ್ಥನೆಯಲ್ಲಿ ಹೋರಾಡುತ್ತಾ ಬಹಳ ಪ್ರಯಾಸಪಟ್ಟನೆಂದು ಪೌಲನು ಬರೆದದ್ದು ಇದನ್ನೇ.

ಆದರೆ ಪ್ರಾರ್ಥನೆಯು ತಾನೇ ನಮ್ಮನ್ನು ತಪ್ಪಿನಿಂದ ಕಾಯುವದೆಂದು ನೆನಸಬಾರದು. ಜರ್ಮನ್ ದೇಶದ ಹೆರ್ನ್‌ಹೂಟ್ ಎಂಬ ಹಳ್ಳಿಯ ಚರಿತ್ರೆಯು ಇದಕ್ಕೆ ದೃಷ್ಟಾಂತವಾಗಿದೆ. ಹಿಂಸೆಗೆ ತಪ್ಪಿಸಿಕೊಂಡು ಬಂದ ಮೊರೇವಿಯದ ಸಹೋದರರು ಚಿನ್‌ಚೆನ್‌ಡೋರ್ಫ್ ಪ್ರಭುವಿನ ಭೂಮಿಯಲ್ಲಿ ನೆಲೆಸಿ, ಮೊದಲು ತಮ್ಮೊಳಗೆ ಕಠಿಣವಾಗಿ ಜಗಳಾಡಿದರು. 1727ರಲ್ಲಿ ಅವರು ಸಮಾಧಾನವಾದರು. ಅದೇ ವರುಷದ ಆಗಸ್ಟ್ ತಿಂಗಳಲ್ಲಿ 24 ಮಂದಿ ಸಹೋದರರೂ 24 ಮಂದಿ ಸಹೋದರಿಯರೂ ಹಗಲಿರುಳಿನ ತಾಸುಗಳನ್ನು ಹಂಚಿಕೊಂಡು ಪ್ರಾರ್ಥಿಸುವ ನೇಮವನ್ನು ಕೈಕೊಂಡರು. ಅದು ಸುಮಾರು ನೂರು ವರುಷಗಳ ವರೆಗೆ ನಡೆಯಿತು. ಐದು ವರುಷಗಳೊಳಗೆ, ಅಂದರೆ 1732ರಲ್ಲಿ, ಆ ಚಿಕ್ಕ ಹಳ್ಳಿಯಿಂದ ಇಬ್ಬರು ಸಂತ ತೋಮನ ದ್ವೀಪದ ದಾಸರಿಗೆ ಸುವಾರ್ತೆಯನ್ನು ಸಾರುವದಕ್ಕೆ ಹೊರಟರು. ಪ್ರಾರ್ಥನೆಯ ಫಲವನ್ನು ಹೇಳುವವರು ಇಲ್ಲಿಗೆ ನಿಲ್ಲಿಸುವದುಂಟು. ನಾವು ಮುಂದಿನದನ್ನೂ ಹೇಳಬೇಕು. ಕೆಲವು ವರುಷಗಳಾದ ಮೇಲೆ ಆ ಮಿಶನ್ನು ತಾನೇ ದ್ವೀಪದಲ್ಲಿ ತೋಟವನ್ನೂ ಅದರಲ್ಲಿ ದುಡಿಯುವ ದಾಸರನ್ನೂ ಕೊಂಡುಕೊಂಡಿತು. ಊರಿನಲ್ಲಿ ಪ್ರಾರ್ಥನೆಯು ತಾಸು ತಪ್ಪದೆ ನಡೆಯುತ್ತಿರುವಾಗಲೇ ಇದು ನಡೆಯಿತು. ತುಟಿಗಳು ಯಾರಿಗೋಸ್ಕರ ಬೇಡಿಕೊಳ್ಳುತ್ತವೋ ಅವರನ್ನೇ ಕೈಗಳು ಕಟ್ಟಿಹಾಕಬಹುದೆಂದು ಇದರಿಂದ ಕಲಿಯುತ್ತೇವೆ. ನ್ಯಾಯವಿಲ್ಲದ ಹಬ್ಬಗಳನ್ನು ದೇವರು ಹಗೆಮಾಡುತ್ತಾನೆಂದು ಆಮೋಸನೂ, ದಾಸತ್ವದ ನೊಗವನ್ನು ಮುರಿಯುವದೇ ದೇವರು ಮೆಚ್ಚುವ ಉಪವಾಸವೆಂದು ಯೆಶಾಯನೂ ಸಾರಿದ್ದು ಪ್ರಾರ್ಥಿಸದ ಜನರಿಗಲ್ಲ, ಬಹಳವಾಗಿ ಪ್ರಾರ್ಥಿಸುವ ಜನರಿಗೇ.

ಹಾಗಾದರೆ ಕೆಲಸವೇ ಆರಾಧನೆ, ಬೇರೆ ಆರಾಧನೆ ಯಾಕೆ ಎಂದು ಕೆಲವರು ಅನ್ನಬಹುದು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ನಾಡಿನ ಶರಣರು ಕಾಯಕಕ್ಕೆ ಬಹು ದೊಡ್ಡ ಮಾನವನ್ನು ಕೊಟ್ಟರು. ಆದರೆ ಅವರೂ ಕಾಯಕದ ಹೆಸರಿನಲ್ಲಿ ಪೂಜೆಯನ್ನು ಬಿಟ್ಟುಬಿಡಲಿಲ್ಲ. ನಮ್ಮ ಸಭೆಗಳ ಚರಿತ್ರೆಯೂ ಇದೇ ಪಾಠವನ್ನು ಕಲಿಸುತ್ತದೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಶಾಲೆಗಳನ್ನೂ ಛಾಪಖಾನೆಯನ್ನೂ ನೇಯ್ಗೆಯ ಕೆಲಸವನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ಜಾತಿಯನ್ನೂ ಕುಲಕಸಬನ್ನೂ ಕಳಕೊಂಡು ಬಂದವರಿಗೆ ಈ ಕೆಲಸಗಳು ಅನ್ನವನ್ನು ಕೊಟ್ಟವು; ಅವುಗಳನ್ನು ಯಾರೂ ಹೀನವೆಂದು ಎಣಿಸಬಾರದು. ಆದರೆ 1914ರಲ್ಲಿ ಮಹಾಯುದ್ಧವು ಹುಟ್ಟಿದಾಗ ಜರ್ಮನ್ ಮಿಶನೆರಿಗಳನ್ನು ಸರಕಾರವು ಬಂಧನದಲ್ಲಿಟ್ಟು ಕಡೆಗೆ ದೇಶದಿಂದ ಕಳುಹಿಸಿಬಿಟ್ಟಿತು. 1919ರಲ್ಲಿ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿದವು. ಒಡೆತನವು ಹೋಯಿತು, ಹಣವು ಹೋಯಿತು, ಮುಂದಾಳುಗಳು ಹೋದರು. ಸಭೆಯು ಹೋಗಲಿಲ್ಲ. ಯಾಕಂದರೆ ಆದಿತ್ಯವಾರದಲ್ಲಿ ಕೂಡಿ, ವಾಕ್ಯವನ್ನು ಓದಿ, ಹಾಡಿ, ಪ್ರಾರ್ಥಿಸುವದಕ್ಕೆ ಯಾವ ಬಂಡವಾಳವೂ ಬೇಕಾಗಿರಲಿಲ್ಲ. ಸಭೆಯ ಕೈಯಿಂದ ಯಾವದನ್ನು ತೆಗೆದರೂ ಅದು ಸಭೆಯಾಗಿಯೇ ಇರುವದು. ಆರಾಧನೆಯನ್ನು ತೆಗೆದರೆ ಮಾತ್ರ ಅದು ಒಂದು ಸಂಘವಾಗುವದು. ಆರಾಧನೆಯು ನಡುವಿನ ಸೇವೆ ಎಂದು ನಾವು ಹೇಳುವದು ಈ ಅರ್ಥದಲ್ಲಿಯೇ. ಗಾಡಿಯ ಚಕ್ರದಲ್ಲಿ ಗುಂಬವು ನೆಲವನ್ನು ಮುಟ್ಟುವದಿಲ್ಲ; ಆದರೆ ಅದಿಲ್ಲದೆ ಅರಗಳು ನಿಲ್ಲವು.

ಇದರಲ್ಲಿ ಇನ್ನೊಂದು ವಿಷಯವು ಅಡಗಿದೆ. ಅದು ನಮ್ಮಲ್ಲಿ ಅತಿ ಬಲಹೀನರಾದವರಿಗೆ ಸಂಬಂಧಪಟ್ಟದ್ದು. ಪ್ರತಿಯೊಂದು ಹಳ್ಳಿಯಲ್ಲಿಯೂ ಹಾಸಿಗೆ ಹಿಡಿದ ಮುದುಕಿಯೋ ಕಣ್ಣು ಕಾಣದ ಮುದುಕನೋ ಇರುವರು. ಕೈಕಾಲುಗಳ ಕೆಲಸವೊಂದೇ ಸೇವೆಯಾಗಿದ್ದರೆ ಇವರು ಸಭೆಗೆ ಭಾರವೇ. ನಾವು ಕೊಡುವವರು, ಅವರು ತೆಗೆದುಕೊಳ್ಳುವವರು. ಪ್ರಾರ್ಥನೆಯು ಸೇವೆಯಾಗಿದ್ದರೆ ಆ ತಾಯಿಯು ಸಭಾಪಾಲಕನ ಜೊತೆಗೆಲಸದವಳು. ಯೆರೂಸಲೇಮಿನ ದೇವಾಲಯದಲ್ಲಿ ಹಗಲಿರುಳು ಪ್ರಾರ್ಥಿಸುತ್ತಿದ್ದ ಮುದುಕಿಯಾದ ಅನ್ನಳು ಶಿಶುವಾದ ಕರ್ತನನ್ನು ಗುರುತಿಸಿದವರಲ್ಲಿ ಒಬ್ಬಳು. ಆದಕಾರಣ ಹಿರಿಯರು ಇಂಥವರ ಮನೆಗೆ ಹೋಗುವಾಗ ಅಕ್ಕಿಯನ್ನು ಮಾತ್ರವಲ್ಲ, ಪ್ರಾರ್ಥಿಸಬೇಕಾದವರ ಹೆಸರುಗಳನ್ನೂ ತೆಗೆದುಕೊಂಡುಹೋಗಿ, ಅಮ್ಮಾ, ಇವರಿಗೋಸ್ಕರ ನೀವು ಬೇಡಿಕೊಳ್ಳಬೇಕು ಎಂದು ಕೇಳಲಿ. ಕೇಳಿಕೊಳ್ಳುವದರಿಂದ ನಾವು ಅವರಿಗೆ ಮಾನವನ್ನು ಕೊಡುತ್ತೇವೆ. ಅವರಿಂದ ನಮಗೆ ಸಹಾಯವೂ ಆಗುವದು.

ಕಡೆಯದಾಗಿ ನಮ್ಮ ಸಭೆಗಳು ಮಾಡಬಹುದಾದ ಮೂರು ಕಾರ್ಯಗಳನ್ನು ಹೇಳುತ್ತೇವೆ. ಒಂದನೆಯದು, ಎಲ್ಲರಿಗೋಸ್ಕರ ಎಂದು ಸಾಮಾನ್ಯವಾಗಿ ಪ್ರಾರ್ಥಿಸುವ ಬದಲಾಗಿ ಹೆಸರು ಹೇಳಿ ಪ್ರಾರ್ಥಿಸೋಣ. ಸಭೆಯ ಹೊರಗಿರುವ ನೆರೆಯವರ ಹೆಸರುಗಳೂ ಅದರಲ್ಲಿ ಸೇರಲಿ. ಎರಡನೆಯದು, ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಸಂಗಡ ಸಮಾಧಾನ ಮಾಡಿಕೊಳ್ಳಬೇಕೆಂಬ ಕರ್ತನ ಆಜ್ಞೆಯನ್ನು ಅಕ್ಷರಶಃ ಕೈಕೊಳ್ಳೋಣ. ಆಳಿನ ಕೂಲಿಯನ್ನು ಹಿಡಿದಿಟ್ಟವನು ಶನಿವಾರವೇ ಅದನ್ನು ಸಲ್ಲಿಸಿ ಬರಲಿ. ಗದ್ದೆಯ ಬದುವಿಗಾಗಿ ಮಾತುಬಿಟ್ಟ ಅಣ್ಣತಮ್ಮಂದಿರು ಮಾತಾಡಿ ಬರಲಿ. ದಕ್ಷಿಣ ಇಂಡ್ಯ ಸಭೆಯ 1950ರ ಕರ್ತನ ಭೋಜನದ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪುರಾತನ ಪದ್ಧತಿಯು ಸೇರಿದ್ದು ಈ ಆಜ್ಞೆಯನ್ನು ನಮ್ಮ ಅಂಗೈಗೇ ನೆನಪಿಸುವದಕ್ಕಾಗಿ ಎಂದು ಎಣಿಸೋಣ. ಪಕ್ಕದವನು ಯಾವ ಕೇರಿಯಿಂದ ಬಂದವನೆಂದು ನೋಡಿ ಕೈಯನ್ನು ಹಿಂದೆಗೆಯುವವನ ಪ್ರಾರ್ಥನೆಯು ಅಲ್ಲಿಯೇ ನಿಂತುಹೋಗುವದು. ಮೂರನೆಯದು, ಯಾರ ಹೆಸರನ್ನು ಹೇಳಿ ಪ್ರಾರ್ಥಿಸಿದೆವೋ ಅವರ ಮನೆಗೆ ಆ ವಾರದೊಳಗೆ ನಮ್ಮಲ್ಲಿ ಒಬ್ಬರಾದರೂ ಹೋಗೋಣ. ಬೆಚ್ಚಗಿರೆಂದು ಹಸಿದವನಿಗೆ ಬಾಯಿಮಾತು ಹೇಳಿ ಕಳುಹಿಸುವದನ್ನು ಯಾಕೋಬನು ಖಂಡಿಸಿದ್ದಾನಲ್ಲಾ.

ಹೀಗೆ ಮಾಡುವ ಸಭೆಯಲ್ಲಿ ಪ್ರಾರ್ಥನೆಯು ಸೇವೆಗೆ ಬದಲಾಗಿ ನಿಲ್ಲುವದಿಲ್ಲ; ಅದೇ ಮೊದಲನೆಯ ಸೇವೆಯಾಗಿ ಮಿಕ್ಕವುಗಳನ್ನು ಹುಟ್ಟಿಸುವದು. ಅದನ್ನು ನಮ್ಮೊಳಗಿನ ಚಿಕ್ಕವರೂ ದೊಡ್ಡವರೂ ಬಲಹೀನರೂ ಕೂಡಿ ನಡಿಸುವಂತೆ ಸಭೆಯ ಕರ್ತನು ನಮಗೆ ಅನುಗ್ರಹಿಸಲಿ.