ಕೊಟ್ಟರೂ ಕಡಿಮೆಯಾಗದ್ದು

ನಮ್ಮ ಅತ್ತೆ ತೀರಿಕೊಂಡದ್ದು 2010ರಲ್ಲಿ. ಅವರ ಕೆಂಪುಕಲ್ಲಿನ ವಾಲೆ ಅಕ್ಕನಿಗೆ ಹೋಯಿತು. ಅವರ ಕೊನೆಯ ಫೋಟೋಗಳು ನನ್ನ ಕ್ಯಾಮೆರಾದಲ್ಲಿ ಉಳಿದವು. ಅಕ್ಕ ಎಂದರೆ ನನ್ನ ಓರಗಿತ್ತಿ. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್‌ನಲ್ಲಿ, ಮಾವನವರು ಗಣಿಯಲ್ಲಿದ್ದಾಗ ಸಿಕ್ಕಿದ ಆ ಎರಡು ಕೋಣೆಯ ಮನೆಯಲ್ಲಿ, ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡಿದವರು ಅವರು. ನಾನೋ, ಭಾನುವಾರ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ, ಹಣ್ಣು ಹಿಡಿದು ಹೋಗಿ, ನಾಲ್ಕು ಫೋಟೋ ತೆಗೆದು ಸಂಜೆಗೆ ಮನೆ ಸೇರುತ್ತಿದ್ದವಳು.

ಹನ್ನೊಂದರ ಕಾರ್ಯ ಮುಗಿದ ಸಂಜೆ ಅಕ್ಕ, "ಅತ್ತೇದು ಒಂದು ಫೋಟೋ ಹಾಕಿಸಿಕೊಡಮ್ಮ, ಗೋಡೆಗೆ ಬೇಕು" ಎಂದರು. ಅವರ ಕಿವಿಯಲ್ಲಿ ಆ ವಾಲೆ ಹೊಳೆಯುತ್ತಿತ್ತು. ನನ್ನ ಬಾಯಿಂದ ತಟ್ಟನೆ ಬಂತು: "ನಮ್ಮ ಕಂಪ್ಯೂಟರಿಗೆ ಕ್ಯಾಮೆರಾ ಸೇರುತ್ತಿಲ್ಲ ಅಕ್ಕ."

ಪೂರ್ತಿ ಸುಳ್ಳೇನಲ್ಲ ನೋಡಿ. ವೈರಸ್ ಹೊಡೆದ ಕಂಪ್ಯೂಟರಿಗೆ ಮಗ ಉಬುಂಟು ಹಾಕಿಕೊಟ್ಟು ಹಾಸ್ಟೆಲಿಗೆ ಹೋಗಿದ್ದ. ಕ್ಯಾಮೆರಾದ ಡಬ್ಬಿಯಲ್ಲಿದ್ದ ಸಿ.ಡಿ. ವಿಂಡೋಸಿಗೆ ಮಾತ್ರ. ಅದನ್ನು ಹಾಕಿದೆ, ಏನೂ ಆಗಲಿಲ್ಲ. ನಿಜ ಅಲ್ಲಿಗೆ ಮುಗಿಯಿತು. ಕೇಬಲನ್ನು ಒಮ್ಮೆ ಸಿಕ್ಕಿಸಿ ನೋಡಬಹುದಿತ್ತು, ನೋಡಲಿಲ್ಲ. ಕಾರ್ಡನ್ನು ಸ್ಟುಡಿಯೋದಲ್ಲಿ ಕೊಟ್ಟಿದ್ದರೆ ಹತ್ತು ನಿಮಿಷದ ಕೆಲಸ ಎನ್ನುವುದೂ ನನಗೆ ಗೊತ್ತಿತ್ತು. ಮಾಡದೇ ಬಿಟ್ಟ ಕೆಲಸವನ್ನು ಆಗದ ಕೆಲಸ ಎಂದು ಹೇಳಿದರೆ ಅದನ್ನು ಏನೆಂದು ಕರೆಯಬೇಕು?

ಎರಡು ತಿಂಗಳ ಮೇಲೆ ಅಕ್ಕನ ಮಗ ಬಂದ. 2001ರ ಫೆಬ್ರವರಿ ಕೊನೆಗೆ ಗಣಿ ನಿಂತ ಮೇಲೆ ಅಲ್ಲಿನ ಎಷ್ಟೋ ಹುಡುಗರಂತೆ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಹುಡುಗ. "ಏನು ತೊಂದರೆ ಚಿಕ್ಕಮ್ಮ?" ಎಂದು ಕೇಬಲ್ ಸಿಕ್ಕಿಸಿ ಕ್ಯಾಮೆರಾದ ಗುಂಡಿ ಒತ್ತಿದ. ನಾನು ಕಾಫಿಗೆ ಹಾಲಿಡುವಷ್ಟರಲ್ಲಿ ತೆರೆಯ ಮೇಲೆ ಕ್ಯಾಮೆರಾದ ಪುಟ್ಟ ಚಿತ್ರ ಬಂದಿತ್ತು. ಸಿ.ಡಿ. ಬೇಕೇ ಇರಲಿಲ್ಲ! ಬೇರೆ ಬೇರೆ ಕಂಪನಿಗಳ ಕ್ಯಾಮೆರಾಗಳು ಆಡುವ ಪಿ.ಟಿ.ಪಿ. ಎಂಬ ಒಪ್ಪಂದದ ಭಾಷೆ ಒಂದಿದೆಯಂತೆ; ಕಂಪ್ಯೂಟರ್ ಕೇಳುತ್ತದೆ, ಕ್ಯಾಮೆರಾ ಚಿತ್ರಗಳನ್ನು ಒಂದೊಂದಾಗಿ ಎತ್ತಿಕೊಡುತ್ತದೆ. ಆ ಭಾಷೆಯನ್ನೂ, ಕೆಲವು ಕ್ಯಾಮೆರಾಗಳ ಒರಟು ಮಾತುಗಳನ್ನೂ ಲಿನಕ್ಸಿಗೆ ಕಲಿಸಿದ್ದು ಜಿಫೋಟೋ ಎಂಬ ತಂತ್ರಾಂಶ. ಎಲ್ಲೆಲ್ಲಿಯವರೋ ಬಿಡುವಿನಲ್ಲಿ ಕೂತು ಬರೆದದ್ದು. ಎರಡು ಸಾವಿರಕ್ಕೂ ಹೆಚ್ಚು ಬಗೆಯ ಕ್ಯಾಮೆರಾಗಳು ಅದಕ್ಕೆ ಈಗ ಅರ್ಥವಾಗುತ್ತವೆ.

ಲಿನಕ್ಸನ್ನು 1991ರಲ್ಲಿ ಶುರು ಮಾಡಿದ್ದು ಲೀನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ. ಅದಕ್ಕೊಂದು ಕರಾರಿದೆ: ಯಾರು ಬೇಕಾದರೂ ತೆಗೆದುಕೊಳ್ಳಿ, ಬಿಚ್ಚಿ ನೋಡಿ, ತಿದ್ದಿ, ಆದರೆ ಇನ್ನೊಬ್ಬರಿಗೆ ಕೊಡುವಾಗ ನಿಮಗೆ ಸಿಕ್ಕಿದ ಸ್ವಾತಂತ್ರ್ಯವನ್ನೂ ಕೊಡಿ, ಬೀಗ ಹಾಕಬೇಡಿ. ಹುಡುಗ ಇದನ್ನು ಹೇಳುತ್ತಿದ್ದರೆ ನನಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಚಿನ್ನದ ಲೆಕ್ಕ ಬೇರೆ. ಸುಮಾರು 120 ವರ್ಷಗಳಲ್ಲಿ ಆ ನೆಲದಿಂದ 800 ಟನ್ನಿಗೂ ಮಿಕ್ಕಿ ಚಿನ್ನ ಬಂತು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ತೆಗೆದದ್ದು. ಅಗೆದವರ ಮನೆಯಲ್ಲಿ ಉಳಿದದ್ದು ಒಂದು ಜೊತೆ ವಾಲೆ, ಅದೂ ಸಾಲದಲ್ಲಿ ಮಾಡಿಸಿದ್ದು. ವಾಲೆ ಅಕ್ಕನ ಕಿವಿಯಲ್ಲಿದ್ದರೆ ನನ್ನ ಕಿವಿಯಲ್ಲಿಲ್ಲ. ಜಗಳಕ್ಕೆ ಅರ್ಥವಾದರೂ ಇದೆ. ಫೋಟೋ ಹಾಗಲ್ಲವಲ್ಲ! ಕಾಪಿ ಮಾಡಿಕೊಟ್ಟರೆ ನನ್ನದರಲ್ಲಿ ಒಂದು ಚುಕ್ಕೆಯೂ ಕಡಿಮೆಯಾಗುವುದಿಲ್ಲ. ಹಾಗಾದರೆ ನಾನು ಬಿಗಿಹಿಡಿದದ್ದು ಏನನ್ನು? ನನ್ನ ಹತ್ತಿರ ಮಾತ್ರ ಇದೆ ಎನ್ನುವುದನ್ನು. ಕೊಟ್ಟರೆ ಹೋಗುವುದು ಅದೊಂದೇ. ನಷ್ಟವಿಲ್ಲದ್ದನ್ನು ಕೊಡುವುದು ದಾನವಲ್ಲ ಅನ್ನುತ್ತಾರೆ, ಸರಿ. ನಷ್ಟವಿಲ್ಲದ್ದನ್ನೂ ಕೊಡದೇ ಇರುವುದಕ್ಕೆ ನಮ್ಮ ಹಿರಿಯರು ಹೆಸರಿಟ್ಟಿದ್ದಾರೋ ಇಲ್ಲವೋ, ಅವರ ಕಾಲದಲ್ಲಿ ಇಂಥ ವಸ್ತುಗಳು ಕಡಿಮೆ. ವಿದ್ಯೆ ಇತ್ತು, ಬೆಂಕಿ ಇತ್ತು. ನೆರೆಮನೆಗೆ ಕೆಂಡ ಕೊಡದವಳನ್ನು ಊರು ಏನೆನ್ನುತ್ತಿತ್ತೋ ಊಹಿಸಬಲ್ಲೆ.

"ಇಳಿಸಿಕೊಂಡ ಮೇಲೆ ಕ್ಯಾಮೆರಾದಲ್ಲಿರೋದನ್ನ ಅಳಿಸಲಾ ಅಂತ ಕೇಳ್ತಿದೆ ಚಿಕ್ಕಮ್ಮ" ಎಂದ. ಬೇಡವೆಂದೆ. ಅಷ್ಟರಲ್ಲಿ ಚಿತ್ರಗಳು ದೊಡ್ಡದಾಗಿ ತೆರೆದುಕೊಂಡವು. ಕ್ಯಾಮೆರಾದ ಅಂಗೈಗಿಂತ ಚಿಕ್ಕ ಗಾಜಿನಲ್ಲಿ ನಾನು ಅತ್ತೆಯ ಮುಖವನ್ನಷ್ಟೇ ನೋಡಿದ್ದೆ. ಈಗ ನೋಡಿದರೆ ಹೆಚ್ಚುಕಡಿಮೆ ಎಲ್ಲದರ ಅಂಚಿನಲ್ಲೂ ಒಂದು ಕೈ. ಬೆನ್ನಿಗೆ ಆನಿಸಿದ್ದು, ಲೋಟ ಹಿಡಿದದ್ದು, ಸೆರಗು ಸರಿಪಡಿಸುತ್ತಿದ್ದದ್ದು. ಸವೆದ ಹಸಿರು ಬಳೆಯ ಕೈ.

"ಅಮ್ಮನ ಕೈ" ಎಂದ ಹುಡುಗ, ಏನೂ ತಿಳಿಯದವನಂತೆ.

ಮುಂದಿನ ಭಾನುವಾರ ಎಲ್ಲವನ್ನೂ ಸಿ.ಡಿ.ಗೆ ಹಾಕಿಸಿ, ಒಂದಕ್ಕೆ ಕಟ್ಟು ಹಾಕಿಸಿ ಒಯ್ದೆ. ಅಕ್ಕ ಸೆರಗಿನಿಂದ ಗಾಜು ಒರೆಸಿ ತುಂಬ ಹೊತ್ತು ನೋಡಿದರು.

"ಅಂತೂ ಕಂಪ್ಯೂಟರ್ ಸರಿಹೋಯ್ತಾ?" ಎಂದು ಕೇಳಿದರು.

"ಹೂಂ ಅಕ್ಕ, ಸರಿಹೋಯ್ತು" ಎಂದುಬಿಟ್ಟೆ.